ಸೋತವರನ್ನು ಯಾರೂ ಅಳೆಯಲಿಲ್ಲ

ಚೆಸ್ ಸಂಘದ ಕೋಣೆಯಲ್ಲಿ ಇನ್ಸ್‌ಪೆಕ್ಟರ್ ಫ್ರೌಕ್ಯೆ ಹೆಲ್ಲಿಂಗಾ ಡಬ್ಬಿಯಿಂದ ಒಂದು ಬಿಸ್ಕತ್ತು ಎತ್ತಿಕೊಂಡದ್ದೇ ತಡ, ಪ್ರೊಫೆಸರ್ ಎವರ್ಟ್ ಲಾಂಬ್ರೆಖ್ತ್ ಅದರ ಮುಚ್ಚಳವನ್ನು ಟಪ್ಪೆಂದು ಹಾಕಿದ.

ಒಂದು ಕಾಫಿಗೆ ಒಂದು ಬಿಸ್ಕತ್ತು. ಹಾರ್ಲಿಂಗೆನ್ ಬಂದರಿನಲ್ಲಿ ಹೆಣ ತೇಲಿದರೂ ಈ ನಿಯಮ ಸಡಿಲವಾಗುವುದಿಲ್ಲ.

"ಏನ್ ಕೇಳ್ಬೇಕೋ ಬೇಗ ಕೇಳಿ ಮೇಡಂ," ಅಂದ ಅವನು. "ಮಧ್ಯಾಹ್ನ ಟಿವಿಯವರು ಬರ್ತಾರೆ. ಪ್ರತಿಮೆ ಪಕ್ಕ ನಿಂತು ಎರಡು ಮಾತು ಆಡ್ಬೇಕು."

"ಆಡಿ, ಆಡಿ. ಹೊರಗೆ ಗಾಳಿ ಜೋರಾಗಿದೆ. ನಿಮ್ಮ ತಲೇಲಿ ಹಾರೋ ಅಂಥದ್ದೇನೂ ಇಲ್ವಲ್ಲ, ಭಯವಿಲ್ಲ."

ಲಾಂಬ್ರೆಖ್ತ್ ತನ್ನ ಬೋಳುತಲೆಯನ್ನು ಸವರಿಕೊಂಡ. ಬಾಗಿಲ ಪಕ್ಕದಲ್ಲಿ ಕುಳಿತಿದ್ದ ಸಾರ್ಜೆಂಟ್ ಡೌವೆ ಕ್ಲೂಸ್ಟ್ರಾ ಕಾಫಿ ಲೋಟದೊಳಗೆ ಮುಖ ಹುದುಗಿಸಿ ನಕ್ಕ. ಡೌವೆ ಇದೇ ಚೆಸ್ ಸಂಘದ ಹಳೆಯ ಸದಸ್ಯ. ಸೇರಿದ ದಿನದಿಂದ ಇವತ್ತಿನವರೆಗೆ ಬಿಡದೆ ಸೋಲುತ್ತಾ ಬಂದವನು, ನಿವೃತ್ತಿಗೆ ಇನ್ನೊಂದು ಚಳಿಗಾಲ ಬಾಕಿ.

ಕಿಟಕಿಯಾಚೆ, ಹಡಗು ಕಟ್ಟುವ ಧಕ್ಕೆಯ ಮೇಲೆ ಪ್ರತಿಮೆ ನೀಲಿ ಪ್ಲಾಸ್ಟಿಕ್ಕು ಹೊದ್ದು ನಿಂತಿತ್ತು. ಒಳಗಿದ್ದವನು ಅಬೆ ಟರ್ಪ್‌ಸ್ಟ್ರಾ. ತೊಂಬತ್ತು ವರ್ಷದ ಹಿಂದೆ ಈ ಊರಿನ ಕಾಲುವೆಯ ಗೇಟು ಎತ್ತಿ ಇಳಿಸುತ್ತಿದ್ದ, ಗುರುವಾರ ಸಂಜೆ ಇಲ್ಲಿ ಬಂದು ಚೆಸ್ ಆಡುತ್ತಿದ್ದ, ಒಂದು ದಿನ ಸತ್ತ, ಊರು ಮರೆತುಬಿಟ್ಟಿತ್ತು. ಈಗ ಹಳೇ ಚೆಸ್ ಆಟಗಳ ಮೇಲೆ ಲಾಂಬ್ರೆಖ್ತ್‌ನ ಪುಸ್ತಕ ಬಂದದ್ದೇ, ಟರ್ಪ್‌ಸ್ಟ್ರಾ ಜಗತ್ತಿನ ಅದ್ಭುತ. ಬದುಕಿದ್ದಾಗ ಒಂದು ಒಳ್ಳೆ ಕೋಟು ಕೊಡಿಸದ ಊರು ಸತ್ತ ಮೇಲೆ ಕಂಚಿನ ಕೋಟು ಹೊಲಿಸಿತ್ತು. ಪ್ಲಾಸ್ಟಿಕ್ಕಿನ ನೆತ್ತಿಯ ಮೇಲೆ ಒಂದು ಕಡಲಹಕ್ಕಿ ಆಗಲೇ ತನ್ನ ಅಭಿಪ್ರಾಯ ಹಾಕಿ ಹೋಗಿತ್ತು.

ಆ ಪುಸ್ತಕಕ್ಕಾಗಿ ಸಾವಿರಾರು ಆಟಗಳನ್ನು ಕಂಪ್ಯೂಟರಿಗೆ ಹಾಕಿ ಅಳೆದುಕೊಟ್ಟವನು ಸಂಘದ ಕಾರ್ಯದರ್ಶಿ ಹಾರ್ಮೆನ್ ಝೇಲ್ಸ್ಟ್ರಾ. ಹೋದ ವಾರ ಅವನು ತಲೆ ಒಡೆದು ಅದೇ ಕಾಲುವೆಯ ಗೇಟಿಗೆ ಸಿಕ್ಕಿಕೊಂಡಿದ್ದ. ಈಗ ಅವನ ಒಬ್ಬಳೇ ಮಗಳು ಬೌಕ್ಯೆ ಲಾಕಪ್ಪಿನಲ್ಲಿದ್ದಳು.

ಸಾವಿನ ಹಿಂದಿನ ದಿನ ಅಪ್ಪ ಮಗಳು ಧಕ್ಕೆಯ ಮೇಲೆ ನಿಂತು ಕಿರುಚಾಡಿದ್ದನ್ನು ಮೀನಂಗಡಿಯವರೆಲ್ಲ ಕೇಳಿಸಿಕೊಂಡಿದ್ದರು. ಅದನ್ನು ನೆಚ್ಚಿಕೊಂಡು ಮೂರು ದಿನದ ಹಿಂದೆ ಅವಳನ್ನು ಹಿಡಿದು ತಂದವಳು ಹೆಲ್ಲಿಂಗಾಳೇ. ಹಿಡಿದದ್ದು ತಪ್ಪಾಯಿತು ಅಂತ ಈಗ ಬೇರೆ ಸಾಕ್ಷಿ ಹುಡುಕಿಕೊಂಡು ಓಡಾಡುತ್ತಿದ್ದವಳೂ ಅವಳೇ. ಇವತ್ತು ಸಂಜೆಯೊಳಗೆ ಬೌಕ್ಯೆಯನ್ನು ನ್ಯಾಯಾಧೀಶರ ಮುಂದೆ ನಿಲ್ಲಿಸಬೇಕು. ಅಷ್ಟರೊಳಗೆ ಬೇರೆ ಕೊಲೆಗಾರ ಸಿಗದಿದ್ದರೆ ಅವಳ ಕತೆ ಮುಗಿಯಿತು.

ಆ ಹುಡುಗಿಗೋ, ತನ್ನ ಪರವಾಗಿ ಒಂದು ಮಾತಾಡುವ ದರ್ದೂ ಇರಲಿಲ್ಲ. ಹುಡುಗಿ ಅಂದರೆ ಮೂವತ್ತು ದಾಟಿದವಳು. ದ್ವೀಪಕ್ಕೆ ಹೋಗುವ ಹಡಗಿನ ಕ್ಯಾಂಟೀನಿನಲ್ಲಿ ಬಟಾಣಿ ಸೂಪು ಬಡಿಸುವ ಕೆಲಸ. ಬೆಳಿಗ್ಗೆ ಹೆಲ್ಲಿಂಗಾ ಮೆತ್ತಗೆ ಕೇಳಿದ್ದಳು. "ಆವತ್ತು ನೀನೆಲ್ಲಿದ್ದೆ ಹೇಳಮ್ಮ. ಒಬ್ಬ ಸಾಕ್ಷಿ ಕೊಡು, ಮಿಕ್ಕಿದ್ದು ನಾನು ನೋಡ್ಕೋತೀನಿ."

ಬೌಕ್ಯೆ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದುಬಿಟ್ಟಿದ್ದಳು. "ಫಲಿತಾಂಶ ಗೊತ್ತಾದ ಮೇಲೂ ಎಳೀತಾ ಕೂರಬಾರದು ಮೇಡಂ, ಅಸಹ್ಯ. ಏನ್ ಬರ್ಕೋತೀರೋ ಬರ್ಕೊಳ್ಳಿ."

ಏನು ಕೊಬ್ಬು ಇವಳಿಗೆ ಅಂದುಕೊಂಡಿದ್ದಳು ಹೆಲ್ಲಿಂಗಾ. ಆದರೂ ಕೊಬ್ಬಿದವರೆಲ್ಲ ಕೊಲೆಗಾರರಲ್ಲ. ಹಾಗಿದ್ದಿದ್ದರೆ ಈ ಸಂಘದಲ್ಲಿ ಒಬ್ಬನೂ ಹೊರಗೆ ಉಳಿಯುತ್ತಿರಲಿಲ್ಲ.

ಅವಳ ಕಣ್ಣು ಕಪಾಟಿನ ಮೇಲೆ ಹೋಯಿತು. ಅಲ್ಲಿ ಧೂಳಿನ ನಡುವೆ ಒಂದು ಅಚ್ಚುಕಟ್ಟಾದ ಚೌಕ. ಸಂಘದ ಹಳೇ ಓಕ್ ಮರದ ಚೆಸ್ ಗಡಿಯಾರ ಇದ್ದ ಜಾಗ ಅದು. ಹಾರ್ಮೆನ್‌ನ ತಲೆಯ ಗಾಯಕ್ಕೂ ಫೋಟೋದಲ್ಲಿ ಕಂಡ ಅದರ ಮೂಲೆಗೂ ತಾಳೆಯಾಗುತ್ತದೆ ಅಂತ ಡಾಕ್ಟರು ಹೇಳಿದ್ದರು. ಗಡಿಯಾರ ಮಾತ್ರ ಪತ್ತೆಯಿಲ್ಲ. ಈ ಸಂಗತಿ ಹೊರಗೆ ಹೋಗಬಾರದು ಅಂತ ಹೆಲ್ಲಿಂಗಾ ಒಂದು ಸುಳ್ಳು ಹಬ್ಬಿಸಿದ್ದಳು: ಗಡಿಯಾರವನ್ನು ಪೊಲೀಸರೇ ತೆಗೆದುಕೊಂಡು ಹೋಗಿದ್ದಾರೆ ಅಂತ.

"ಯಾವಾಗ ವಾಪಸ್ ಕೊಡ್ತೀರಿ?" ಲಾಂಬ್ರೆಖ್ತ್ ಅವಳ ನೋಟ ಹಿಡಿದ. "ಮ್ಯೂಸಿಯಮ್ಮಿಗೆ ಬೇಕು ಅದು. ಟರ್ಪ್‌ಸ್ಟ್ರಾನ ಕೈ ತಾಗಿದ ಗಡಿಯಾರ."

"ದರಿದ್ರ ಗಡಿಯಾರ ಮೇಡಂ ಅದು," ಡೌವೆ ಬಾಯಿ ಹಾಕಿದ. "ಎಷ್ಟು ಕೀ ಕೊಟ್ರೂ ಮಾರನೇ ದಿನಕ್ಕೆ ನಿಂತಿರ್ತಿತ್ತು. ಪ್ರತಿ ಗುರುವಾರ ತಿರುಗಿಸಿ ತಿರುಗಿಸಿ ನನ್ನ ಹೆಬ್ಬೆಟ್ಟು ಸವೆದುಹೋಯ್ತು."

"ನಿನ್ನ ಹೆಬ್ಬೆಟ್ಟಿಗೆ ಆಮೇಲೆ ಪ್ರತಿಮೆ ಮಾಡಿಸೋಣ, ಸುಮ್ನಿರು." ಹೆಲ್ಲಿಂಗಾ ಎದ್ದು ಗೋಡೆಯ ಹತ್ತಿರ ಹೋದಳು. ಅಲ್ಲಿ ಈ ಕಡೆಯಿಂದ ಆ ಕಡೆಗೆ ಗೆರೆ, ಚುಕ್ಕೆಗಳ ಒಂದು ನಕ್ಷೆ ತೂಗುತ್ತಿತ್ತು. ಅದರ ಚೌಕಟ್ಟು ಅವಳ ಮನೆಯ ಊಟದ ಮೇಜಿಗಿಂತ ದೊಡ್ಡದು. "ಇದನ್ನ ಒಂದ್ಸಲ ಬಿಡಿಸಿ ಹೇಳಿ ಪ್ರೊಫೆಸರೇ."

"ಮೇಡಂಗೆ ಚೆಸ್ ಬರುತ್ತಾ?"

"ಕುದುರೆ ಡೊಂಕಾಗಿ ಹೋಗುತ್ತೆ ಅಂತ ಗೊತ್ತು. ಈ ಸಂಘದಲ್ಲಿ ನೆಟ್ಟಗೆ ಹೋಗೋರು ಇನ್ನೂ ಕಣ್ಣಿಗೆ ಬಿದ್ದಿಲ್ಲ."

ಲಾಂಬ್ರೆಖ್ತ್ ನಿಟ್ಟುಸಿರು ಬಿಟ್ಟ. ದಡ್ಡ ಮಕ್ಕಳಿಗೆ ಪಾಠ ಹೇಳುವವರು ಬಿಡುವಂಥ ನಿಟ್ಟುಸಿರು. ಆದರೆ ನಕ್ಷೆಯ ಮುಂದೆ ನಿಂತದ್ದೇ ಮುಖ ಅರಳಿತು. ಹೊಗಳಿಸಿಕೊಳ್ಳಲು ಬೇರೆ ಯಾರೂ ಸಿಗದಾಗ ಪೊಲೀಸರೂ ಆಗುತ್ತಾರೆ ಇಂಥವರಿಗೆ.

"ನೋಡಿ, ಕಾಯಿ ಬಲಿ ಕೊಟ್ಟು ಹೊಡೆಯೋ ಅವಕಾಶ ಆಟದಲ್ಲಿ ಎಷ್ಟು ಸಲ ಬಂತು, ಆಟಗಾರನಿಗೆ ಅದು ಎಷ್ಟು ಸಲ ಕಾಣ್ತು. ಯಂತ್ರ ಇದನ್ನ ಎಣಿಸುತ್ತೆ. ಇಲ್ಲಿರೋದು ನೂರೈವತ್ತು ವರ್ಷದ ಆಟಗಳು. ಈ ಎಡಗಡೆ ನಮ್ಮ ಮುತ್ತಾತಂದಿರು. ಎದುರಿಗೇ ಇರೋ ಹೊಡೆತ ಅವರಿಗೆ ಕಾಣ್ತಿರ್ಲಿಲ್ಲ. ಕಂಡಿದ್ದರಲ್ಲೂ ಅರ್ಧ ತಪ್ಪು ಲೆಕ್ಕ. ಎದುರಾಳಿನೂ ಕುರುಡ ಆದ್ದರಿಂದ ಗೆಲ್ತಿದ್ರು ಅಷ್ಟೇ. ಜನ ಅದನ್ನೇ ಸುವರ್ಣಯುಗ ಅಂತಾರೆ, ಪಾಪ."

"ಆಮೇಲೆ ಗೆರೆ ಏರುತ್ತೆ."

"ನಿಧಾನಕ್ಕೆ ಏರುತ್ತೆ. ಕಂಪ್ಯೂಟರ್ ಬಂದ್ಮೇಲೆ ದಿಢೀರ್ ಅಂತ ಏರುತ್ತೆ. ಇವತ್ತಿನ ಹದಿನಾರರ ಹುಡುಗ ಆವತ್ತಿನ ಮಹಾರಥಿನ ಉಫ್ ಅಂತ ಊದಿಬಿಡ್ತಾನೆ. ಮಜಾ ಏನು ಗೊತ್ತಾ? ಇವತ್ತಿನ ಆಟದಲ್ಲಿ ಹೊಡೆತ ಹಲಗೆ ಮೇಲೆ ಬರೋದೇ ಕಮ್ಮಿ. ಇಬ್ಬರಿಗೂ ಮೊದಲೇ ಕಂಡಿರುತ್ತೆ. ಸೋಲೋನು ಆರು ನಡೆ ಮುಂಚೇನೇ ಸೋಲು ಒಪ್ಕೊಂಡು, ಎದ್ದು ಕೈಕುಲುಕಿ ಹೋಗ್ತಾನೆ. ಚೆಕ್‌ಮೇಟ್ ಆಗೋವರೆಗೂ ಕೂತಿರೋರು ಅನಾಗರಿಕರು."

"ಡೌವೆ, ನಿನಗೇ ಹೇಳ್ತಿರೋದು."

"ಗೊತ್ತಾಯ್ತು ಮೇಡಂ."

"ಮತ್ತೆ ಈ ಒಂಟಿ ಚುಕ್ಕೆ?" ಹೆಲ್ಲಿಂಗಾ ಬೆರಳಿಟ್ಟಳು. ಎಡಗಡೆ ಎಲ್ಲಾ ಚುಕ್ಕೆಗಳೂ ತಳದಲ್ಲಿ ಮಂದೆಯ ಹಾಗೆ ಮಲಗಿದ್ದರೆ ಒಂದು ಮಾತ್ರ ಆಕಾಶದಲ್ಲಿತ್ತು.

"ಅದೇ ಟರ್ಪ್‌ಸ್ಟ್ರಾ." ಲಾಂಬ್ರೆಖ್ತ್‌ನ ದನಿ ಪ್ರಾರ್ಥನೆಗೆ ನಿಂತವನ ಹಾಗಾಯಿತು. "ಹನ್ನೆರಡು ಆಟ. ಯಂತ್ರವಿಲ್ಲ, ಪುಸ್ತಕವಿಲ್ಲ, ಗುರುವಿಲ್ಲ. ಆದ್ರೂ ಇವತ್ತಿನವರ ಮಟ್ಟ. ಎಪ್ಪತ್ತು ವರ್ಷ ಮುಂದೆ ಹುಟ್ಟಬೇಕಾದವನು ಮೇಡಂ!"

"ಹೌದೌದು," ಅಂದಳು ಹೆಲ್ಲಿಂಗಾ. "ಬನ್ನಿ, ಕೂತ್ಕೊಳ್ಳಿ. ಒಂದು ಕತೆ ಹೇಳ್ತೀನಿ."

ಅವನು ಕೈಗಡಿಯಾರ ನೋಡಿಕೊಂಡ. ಅವಳು ಅದನ್ನು ನೋಡದವಳ ಹಾಗೆ ತನ್ನ ಕುರ್ಚಿಯನ್ನು ಅವನ ಕುರ್ಚಿಯ ಎದುರಿಗೇ ಎಳೆದು ಹಾಕಿದಳು.

"ಮೊನ್ನೆ ಗುರುವಾರ ಇಲ್ಲಿ ಬಂದಿದ್ದೆ. ನಿಮ್ಮವರು ಸತ್ತವನಿಗೆ ಒಂದು ನಿಮಿಷ ಮೌನ ಆಚರಿಸಿ ಆಟಕ್ಕೆ ಕೂತ್ರು. ಈ ನಮ್ಮ ಡೌವೆ ಹತ್ರ ಕೊನೆಗೆ ಉಳಿದಿದ್ದು ರಾಜ ಒಬ್ಬನೇ. ಆ ಕಡೆಯವನ ಹತ್ರ ರಾಣಿ, ಎರಡು ಆನೆ, ಸಕಲ ಸೈನ್ಯ. ಆದ್ರೂ ಇವನು ಏಳ್ತಾ ಇಲ್ಲ. ರಾಜನ್ನ ಆ ಮೂಲೆಗೆ ತಳ್ತಾನೆ, ಈ ಮೂಲೆಗೆ ತಳ್ತಾನೆ. ನಾನು ಕೇಳ್ದೆ, ಏನಯ್ಯಾ, ಮಾನ ಮರ್ಯಾದೆ ಇಲ್ವಾ ನಿನಗೆ? ಏನಂದೆ ಡೌವೆ?"

ಡೌವೆ ಕೆಮ್ಮಿದ. "ಚೆಕ್‌ಮೇಟ್ ಆದ್ರೆ ಗೆದ್ದವನು ಕುಡಿಸ್ತಾನೆ. ಮಧ್ಯದಲ್ಲಿ ಎದ್ರೆ ಎರಡು ಗ್ಲಾಸೂ ನಾನೇ ಕುಡಿಸ್ಬೇಕು. ಅದು ಇಲ್ಲಿಯ ಪದ್ಧತಿ."

"ಯಾವ ಕಾಲದ ಪದ್ಧತಿ?"

"ನಮ್ಮ ತಾತನ ಕಾಲದಿಂದ. ಎದ್ದು ಹೋಗೋದು ಅಂದ್ರೆ ಎದುರಿಗಿರೋನಿಗೆ ಅವಮಾನ ಮೇಡಂ. ನಿನಗೆ ಮುಗಿಸೋ ತಾಕತ್ತಿದ್ರೆ ಮುಗಿಸು, ನಾನ್ಯಾಕೆ ಮುಗಿಸಿ ಕೊಡಲಿ?"

"ಕೇಳಿಸ್ಕೊಂಡ್ರಾ?" ಹೆಲ್ಲಿಂಗಾ ಲಾಂಬ್ರೆಖ್ತ್‌ನ ಕಡೆ ತಿರುಗಿದಳು. "ಇವರ ಗಿಡಮೂಲಿಕೆ ಸಾರಾಯಿ ನಿಮಗೆ ಗೊತ್ತಲ್ಲ, ಬೇರೆನ್‌ಬುರ್ಗ್. ಅದನ್ನ ಪುಕ್ಕಟೆ ಕುಡೀಬೇಕು ಅಂದ್ರೆ ರಾಜ ಬೀಳೋವರೆಗೂ ಕೂರಬೇಕು. ಬಿಸ್ಕತ್ತಿನ ಡಬ್ಬಿ ಮುಚ್ಚೋ ಊರಲ್ಲಿ, ತಾನಾಗೇ ಎದ್ದು ಇಬ್ಬರಿಗೆ ಕುಡಿಸೋ ಧಾರಾಳಿ ಎಲ್ಲಿಂದ ಬರ್ತಾನೆ? ನಾನು ನಿನ್ನೆ ಇಡೀ ದಿನ ಲೈಬ್ರರೀಲಿ ಕೂತು ಆ ಕಾಲದ ಪೇಪರ್ ತಿರುವಿದೆ. ಈ ಸಂಘದ ಆಟಗಳು ಪ್ರತಿ ವಾರ ಅಚ್ಚಾಗಿವೆ. ಎಲ್ಲಾ, ಒಂದೂ ಬಿಡದೆ ಎಲ್ಲಾ, ಚೆಕ್‌ಮೇಟ್. ಮೀನು ಮಾರೋನು, ಹಗ್ಗ ಹೊಸೆಯೋನು, ಪಾದ್ರಿ, ಯಾರೂ ಎದ್ದಿಲ್ಲ."

"ಅದಕ್ಕೇನೀಗ?"

ಅವಳು ಅವನ ಪುಸ್ತಕವನ್ನು ಚೀಲದಿಂದ ತೆಗೆದು ಮೇಜಿನ ಮೇಲೆ ಧಡ್ ಅಂತ ಹಾಕಿದಳು. "ಅದಕ್ಕೇ ಈಗ! ಈ ಹನ್ನೆರಡು ಆಟದಲ್ಲಿ ಸೋತ ಹನ್ನೆರಡು ಜನಾನೂ ಎದ್ದು ಹೋಗಿದ್ದಾರೆ. ಚೆಕ್‌ಮೇಟಿಗೆ ಒಬ್ಬನೂ ಕೂತಿಲ್ಲ. ಒಬ್ಬ ಮೂರು ನಡೆ ಮುಂಚೆ, ಇನ್ನೊಬ್ಬ ಆರು ನಡೆ ಮುಂಚೆ. ಮೀನು ಮಾರೋನಿಗೂ ಆರು ನಡೆ ಮುಂದಿನದು ಕಂಡುಬಿಡ್ತಾ ಪ್ರೊಫೆಸರೇ? ನಿಮ್ಮ ಟರ್ಪ್‌ಸ್ಟ್ರಾ ಎಪ್ಪತ್ತು ವರ್ಷ ಮುಂದೆ ಇದ್ದ ಅಂದ್ರಿ. ಅವನಿಗೆ ಸೋತವರೂ ಎಪ್ಪತ್ತು ವರ್ಷ ಮುಂದೆ ಇದ್ರಲ್ಲ! ಇಡೀ ಊರೇ ಮೇಧಾವಿಗಳಾ ಆಗ? ಈಗೇನಾಯ್ತು ಹಾಗಾದ್ರೆ ಈ ಊರಿಗೆ?"

ಡೌವೆ ಕೂಡ ಕಾಫಿ ಕುಡಿಯುವುದನ್ನು ನಿಲ್ಲಿಸಿದ.

"ಗೆದ್ದವನನ್ನ ಅಳೆದ್ರಿ. ಸೋತವರನ್ನ ಅಳೆದ್ರಾ?"

"ಸೋತವರನ್ನ ಯಾಕೆ ಅಳೀಬೇಕು?" ಅಂದ ಲಾಂಬ್ರೆಖ್ತ್, ಬಾಯಿ ತಪ್ಪಿ.

"ಸರಿ ಹೋಯ್ತು. ಇಷ್ಟು ದೊಡ್ಡ ಚೌಕಟ್ಟು ಹಾಕಿಸೋಕೆ ಪುರುಸೊತ್ತಿತ್ತು, ಹಲಗೆಯ ಆ ಕಡೆ ಯಾರು ಕೂತಿದ್ದಾನೆ ಅಂತ ನೋಡೋಕೆ ಇರ್ಲಿಲ್ಲ."

ಅವಳಿಗೆ ಇಂಥ ಗಂಡಸರನ್ನು ಕಂಡರೆ ಮೊದಲಿನಿಂದಲೂ ಮೈ ಉರಿ. ಜಗತ್ತನ್ನೆಲ್ಲ ಅಳೆಯುತ್ತೇವೆ ಅನ್ನುವವರು, ತಮ್ಮ ಕಾಲ ಬುಡದಲ್ಲಿ ಏನಿದೆ ಅಂತ ಬಗ್ಗಿ ನೋಡದವರು. ಆ ಉರಿಯನ್ನು ಮುಚ್ಚಿಡುವ ಕಷ್ಟವನ್ನೂ ಅವಳು ತೆಗೆದುಕೊಳ್ಳಲಿಲ್ಲ.

"ಈ ಆಟಗಳು ತೊಂಬತ್ತು ವರ್ಷದ ಹಿಂದಿನವಲ್ಲ. ಇತ್ತೀಚೆಗೆ ಯಾರೋ ಕೂತು ಕಟ್ಟಿದ್ದು. ಬುದ್ಧಿವಂತರೇ. ಆರಂಭದ ನಡೆಗಳು ಆ ಕಾಲದ್ದು, ಅಲ್ಲೊಂದು ಇಲ್ಲೊಂದು ತಪ್ಪು ಕೂಡ ಆ ಕಾಲದ್ದು. ಆದ್ರೆ ಸೋತವನನ್ನ ಯಾವಾಗ ಏಳಿಸ್ಬೇಕು ಅನ್ನೋದು ಕೈತಪ್ಪಿತು. ಯಾಕೆ? ಎದ್ದು ಹೋಗೋದೇ ಮರ್ಯಾದೆ ಅಂತ ಕಲಿತವರು ಅವರು. ಅಂದ್ರೆ ಈ ಸಂಘದೋರಲ್ಲ. ಹೊರಗಿನವರು. ದೊಡ್ಡ ದೊಡ್ಡ ಟೂರ್ನಮೆಂಟು ಆಡಿದವರು. ಚೆಕ್‌ಮೇಟಿಗೆ ಕೂರೋರು ಅನಾಗರಿಕರು ಅನ್ನೋರು."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಲಾಂಬ್ರೆಖ್ತ್‌ನ ಕೈ ತಾನಾಗಿಯೇ ಕೊರಳಿನ ಟೈಗೆ ಹೋಯಿತು.

"ಹಾರ್ಮೆನ್‌ಗೆ ಇದು ಗೊತ್ತಾಯ್ತು," ಹೆಲ್ಲಿಂಗಾ ಬಿಡಲಿಲ್ಲ. "ಪ್ರತಿಮೆ ಪರದೆ ಸರಿಸೋ ದಿನ ಎಲ್ಲರ ಮುಂದೆ ಹೇಳಿದ್ದಿದ್ರೆ ಏನಾಗ್ತಿತ್ತು? ಪುಸ್ತಕ ರದ್ದಿಗೆ, ನಿಮ್ಮ ಕುರ್ಚಿ ಇನ್ನೊಬ್ಬನಿಗೆ. ನೀವು ಆವತ್ತು ಊರಲ್ಲೇ ಇದ್ರಿ. ಈ ಕೋಣೆಯ ಬೀಗದಕೈ ನಿಮ್ಮ ಹತ್ರ ಇದೆ. ಆ ಬಡಪಾಯಿ ಹುಡುಗಿ ನಿಮ್ಮ ಬದಲಿಗೆ ಕಂಬಿ ಎಣಿಸ್ತಾ ಇದಾಳೆ. ನಾಚಿಕೆ ಆಗಲ್ವಾ ನಿಮಗೆ?"

ಲಾಂಬ್ರೆಖ್ತ್ ಒಂದು ಕೆಲಸ ಮಾಡಿದ. ಬಿಸ್ಕತ್ತಿನ ಡಬ್ಬಿಯ ಮುಚ್ಚಳ ತೆಗೆದು ಎರಡನೇ ಬಿಸ್ಕತ್ತು ಬಾಯಿಗೆ ಹಾಕಿಕೊಂಡ. ಅಷ್ಟು ಕಂಗೆಟ್ಟಿದ್ದ. ಅಗಿದು, ನುಂಗಿ, ನಕ್ಕ.

"ಮೇಡಂ, ನಾನು ಕತ್ತೆ. ಒಪ್ಪಿದೆ. ಸೋತವರನ್ನ ಅಳೀದೆ ಇದ್ದದ್ದು ಕತ್ತೆ ಕೆಲಸವೇ. ಆದ್ರೆ ಈ ಆಟಗಳನ್ನ ನಾನು ಕಟ್ಟಲಿಲ್ಲ. ನನ್ನ ಕೈಗೆ ಕೊಟ್ಟಿದ್ದೇ ಹಾರ್ಮೆನ್. ಎರಡು ವರ್ಷದ ಹಿಂದೆ, ಇದೇ ಮೇಜಿನ ಮೇಲೆ. ಮನೆ ಅಟ್ಟದಲ್ಲಿ ಹಳೇ ಪೆಟ್ಟಿಗೇಲಿ ಸಿಕ್ತು ಅಂದ. ಸಂತೋಷದಿಂದ ಕುಣೀತಿದ್ದ ಪಾಪ. ಬೇಕಾದ್ರೆ ನಿಮ್ಮ ಸಾರ್ಜೆಂಟನ್ನೇ ಕೇಳಿ, ಆವತ್ತು ಇಲ್ಲೇ ಇದ್ದ."

ಹೆಲ್ಲಿಂಗಾ ನಿಧಾನವಾಗಿ ತಲೆ ತಿರುಗಿಸಿದಳು.

"ಇದ್ದೆ ಮೇಡಂ," ಡೌವೆ ನೆಲ ನೋಡಿದ. "ಸಾಸೇಜ್ ಹಾಕಿದ ಸೂಪಿತ್ತು ಆವತ್ತು. ಅಷ್ಟಾಗಿ ಗಮನ ಕೊಡ್ಲಿಲ್ಲ."

"ಒಂದು ವಾರದಿಂದ ನನ್ನ ಜೊತೆ ಜೀಪಿನಲ್ಲಿ ತಿರುಗ್ತಿದ್ದೀಯಲ್ಲೋ ಮಾರಾಯ! ಬಾಯಿ ಬಿಡೋಕೆ ಏನಾಗಿತ್ತು?"

"ನೀವು ಕೇಳ್ಲಿಲ್ಲ."

"ಇನ್ನೊಂದು," ಲಾಂಬ್ರೆಖ್ತ್ ಮುಂದಕ್ಕೆ ಬಾಗಿದ. ಅವನ ದನಿಗೆ ಹಳೆಯ ಸೊಕ್ಕು ಮರಳಿ ಬರುತ್ತಿತ್ತು. "ನಾನೇ ಕಳ್ಳ ಆಟ ಕಟ್ಟೋನಾಗಿದ್ರೆ ಪ್ರತಿ ನಡೇನೂ ಯಂತ್ರದ ಹತ್ರ ಕೇಳಿ ಕಟ್ತಿದ್ದೆ. ಏಳನೇ ಆಟ ತೆಗೀರಿ. ಕರಿ ಕಾಯಿಯವನು ಎದ್ದು ಹೋಗ್ತಾನೆ. ಆದ್ರೆ ಸೋತಿರ್ಲೇ ಇಲ್ಲ ಅವನು! ಯಂತ್ರ ಹೇಳುತ್ತೆ, ರಾಜನ್ನ ಒಂದು ಮನೆ ಪಕ್ಕಕ್ಕೆ ಇಟ್ಟಿದ್ರೆ ಸಾಕಿತ್ತು, ಆಟ ಸಮ. ಹಾರ್ಮೆನ್‌ಗೆ ಹೇಳ್ದೆ, ಪುಸ್ತಕದ ಮುಂದಿನ ಮುದ್ರಣದಲ್ಲಿ ಇದನ್ನ ಅಡಿಟಿಪ್ಪಣಿಗೆ ಹಾಕೋಣ ಅಂತ. ಅವನು ಆ ಆಟ ತೆರೆದು ನೋಡಿದ. ಮುಖ ಬಿಳುಚಿಕೊಂಡ. ಕೋಟು ಹಾಕ್ಕೊಂಡು ಎದ್ದು ಹೋದ. ಸಾಯೋಕೆ ಎರಡು ದಿನ ಮುಂಚೆ."

"ಅದುವರೆಗೂ ನೋಡಿರ್ಲಿಲ್ವಾ ಅವನು?"

"ಕಂಪ್ಯೂಟರಿಗೆ ಹಾಕೋದಷ್ಟೇ ಅವನ ಕೆಲಸ. ಸಾವಿರಾರು ಆಟ. ಹಲಗೆ ಮೇಲೆ ಇಟ್ಟು ಯಾರು ನೋಡ್ತಾರೆ?"

"ನೋಡದೇ ಅಳೆಯೋರ ಪೈಕಿ ಇಬ್ಬರಾದ್ರಿ ಹಾಗಾದ್ರೆ," ಅಂದಳು ಹೆಲ್ಲಿಂಗಾ. ಆದರೆ ಈ ಸಲ ಮಾತಿನಲ್ಲಿ ಖಾರವಿರಲಿಲ್ಲ. ಎಲ್ಲೋ ಏನೋ ಕೆಟ್ಟದ್ದು ಎದುರಿಗೆ ಬರುತ್ತಿದೆ ಅಂತ ಅವಳಿಗೆ ಅನಿಸತೊಡಗಿತ್ತು.

ಪುಸ್ತಕ ತೆರೆದು ಏಳನೇ ಆಟದ ಕೊನೆಯ ಚಿತ್ರ ಹುಡುಕಿ ಡೌವೆಯ ಮುಂದೆ ಹಿಡಿದಳು. "ನೀನೂ ನೋಡಿಲ್ಲ ತಾನೇ ಇದನ್ನ?"

"ಅಂಗಡೀಲಿ ಎತ್ತಿಕೊಂಡಿದ್ದೆ ಮೇಡಂ. ಬೆಲೆ ನೋಡಿ ವಾಪಸ್ ಇಟ್ಟೆ." ಅವನು ಕನ್ನಡಕ ಮೂಗಿಗೇರಿಸಿ ಚಿತ್ರದ ಮೇಲೆ ಬಗ್ಗಿದ. ಬಗ್ಗಿದವನು ಹಾಗೇ ಉಳಿದ. ಕೈಯಲ್ಲಿದ್ದ ಕಾಫಿ ಲೋಟ ವಾಲಿ ಪ್ಯಾಂಟಿನ ಮೇಲೆ ಚೆಲ್ಲಿದ್ದೂ ಅವನಿಗೆ ತಿಳಿಯಲಿಲ್ಲ.

"ಏನಯ್ಯಾ?"

"ಇದು... ಇದನ್ನ ನಾನು ನೋಡಿದೀನಿ ಮೇಡಂ. ಪಕ್ಕದಲ್ಲೇ ನಿಂತಿದ್ದೆ."

"ತೊಂಬತ್ತು ವರ್ಷದ ಹಿಂದೆಯಾ?"

"ತಮಾಷೆ ಮಾಡ್ಬೇಡಿ." ಡೌವೆ ಹಿಂದೆಂದೂ ಅವಳೊಡನೆ ಹಾಗೆ ಮಾತಾಡಿದ್ದಿಲ್ಲ. "ಬೌಕ್ಯೆ ಆಡಿದ ಆಟ ಇದು."

ಹೆಲ್ಲಿಂಗಾ ಕುಳಿತುಬಿಟ್ಟಳು.

"ಹದಿನೇಳಕ್ಕೇ ಇಡೀ ದೇಶದ ಹುಡುಗಿಯರಲ್ಲಿ ಮೊದಲನೆಯವಳು ಅವಳು. ಹೇಗ್ ನಗರಕ್ಕೆ ಕಳಿಸಿದ್ರು, ಅಲ್ಲಿ ದೊಡ್ಡ ದೊಡ್ಡ ಮೇಷ್ಟ್ರುಗಳ ಹತ್ರ ಕಲಿತಳು. ರಜಕ್ಕೆ ಊರಿಗೆ ಬಂದಾಗ ಸಂಘದ ಫೈನಲ್ಲು. ಎದುರಿಗೆ ಅವಳ ಅಪ್ಪಾನೇ. ಆ ವರ್ಷ ಹಾರ್ಮೆನ್‌ಗೆ ಏನು ದೆವ್ವ ಹೊಕ್ಕಿತ್ತೋ, ಒಂದು ಹೊಡೆತ ಹೊಡೆದ. ನಮಗ್ಯಾರಿಗೂ ಏನೂ ಅರ್ಥ ಆಗ್ಲಿಲ್ಲ. ಬೌಕ್ಯೆ ಮಾತ್ರ ಹಲಗೆ ನೋಡಿದ್ಲು, ಎದ್ದಳು, ಕೈ ಚಾಚಿದ್ಲು."

"ಕೊನೇವರೆಗೂ ಕೂರೋ ಊರಿನ ಹುಡುಗಿ ಎದ್ದಳು," ಲಾಂಬ್ರೆಖ್ತ್ ಗೊಣಗಿದ.

"ಹಾರ್ಮೆನ್ ಕೂಗಾಡಿದ. ಕೂತ್ಕೋ, ಮುಗಿಸು, ನನ್ನ ಮರ್ಯಾದೆ ತೆಗೀತೀಯಾ ಅಂತ. ಅವಳು ಎರಡು ಗ್ಲಾಸು ತುಂಬಿಸಿ ತಂದು ಅಪ್ಪನ ಮುಂದೆ ಇಟ್ಟು ಹೊರಟೇಹೋದ್ಲು. ಮತ್ತೆ ಚೆಸ್ ಮುಟ್ಟಲಿಲ್ಲ. ಸೂಪು ಬಡಿಸೋಕೆ ಸೇರ್ಕೊಂಡ್ಲು." ಡೌವೆ ಕನ್ನಡಕ ತೆಗೆದು ಒರೆಸಿದ. "ಆಮೇಲೆ ಹಾರ್ಮೆನ್ ಆ ಆಟನ ಯಂತ್ರಕ್ಕೆ ಹಾಕಿ ನೋಡಿದ್ದ. ನನಗೊಬ್ಬನಿಗೇ ಹೇಳಿದ. ಸೋತಿರ್ಲಿಲ್ಲ ಮೇಡಂ ಅವಳು. ರಾಜ ಒಂದು ಮನೆ ಪಕ್ಕಕ್ಕೆ. ಅಷ್ಟೇ. ಆ ಮಾತನ್ನ ಮಗಳಿಗೆ ಹೇಳೋಕೆ ಆ ಪಾಪಿಗೆ ಬಾಯಿ ಬರ್ಲಿಲ್ಲ, ಹದಿನೈದು ವರ್ಷ."

ಹೆಲ್ಲಿಂಗಾಳ ತಲೆಯಲ್ಲಿ ಒಂದೊಂದೇ ಕೊಂಡಿ ಸೇರಿಕೊಂಡಿತು, ಅವಳಿಗೆ ಬೇಡವಾಗಿದ್ದರೂ. ಎದ್ದು ಹೋಗುವುದನ್ನು ಕಲಿತವಳು. ಅಷ್ಟು ಆಟ ಬಲ್ಲವಳು. ಅದೇ ಮನೆಯ ಅಟ್ಟಕ್ಕೆ ಹತ್ತಬಲ್ಲವಳು. ಹನ್ನೆರಡು ಆಟ ಕಟ್ಟಿ ಪೆಟ್ಟಿಗೆಯಲ್ಲಿಟ್ಟು, ಅಪ್ಪನ ಕೈಯಿಂದಲೇ ದೊಡ್ಡಮನುಷ್ಯರಿಗೆಲ್ಲ ಮಂಕುಬೂದಿ ಎರಚಿದವಳು. ನಡುವೆ ತನ್ನ ಸೋಲನ್ನೂ ಇಟ್ಟಳು. ಅಪ್ಪ ಗುರುತಿಸಲಿ ಅಂತಲೇ ಇಟ್ಟಳೋ ಏನೋ. ಅಪ್ಪ ಗುರುತಿಸಿದ. ಮಾರನೇ ದಿನ ಧಕ್ಕೆಯ ಮೇಲೆ ಆ ಕಿರುಚಾಟ.

ಬೌಕ್ಯೆಯನ್ನು ಬಿಡಿಸಲೆಂದು ಹೆಣೆದ ಹಗ್ಗ ಅವಳ ಕೊರಳಿಗೇ ಸರಿಹೋಗಿತ್ತು. ಹೆಣೆದವಳು ಬೇರೆ ಯಾರೂ ಅಲ್ಲ.

"ಈಗ ಹೇಳಿ," ಲಾಂಬ್ರೆಖ್ತ್ ಎದ್ದು ಟೈ ಸರಿಮಾಡಿಕೊಂಡ. "ನಾಚಿಕೆ ಯಾರಿಗೆ ಆಗ್ಬೇಕು? ನಿಮ್ಮ ಕೈಲೇ ಇರೋ ಕಳ್ಳಿಯನ್ನ ಬಡಪಾಯಿ ಅಂದ್ಕೊಂಡು ನನ್ನ ಮೇಲೆ ಹಾರಿದ್ರಿ. ನಾನು ಕತ್ತೆ ಅಂತ ಒಪ್ಕೊಂಡೆ, ಸಂತೋಷ. ಲಾಯದಲ್ಲಿ ಇನ್ನೊಂದಕ್ಕೆ ಜಾಗ ಇದೆ."

ಹೆಲ್ಲಿಂಗಾ ಪುಸ್ತಕ ಮುಚ್ಚಿ ಚೀಲಕ್ಕೆ ತುರುಕಿದಳು. ಅಷ್ಟರಲ್ಲಿ ಅವಳ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಠಾಣೆಯ ಕಾನ್‌ಸ್ಟೇಬಲ್ ಸಿಪ್ಕೆ. ಉತ್ಸಾಹದಲ್ಲಿ ಏದುಸಿರು ಬಿಡುತ್ತಿದ್ದಳು.

"ಮೇಡಂ, ಒಪ್ಕೊಂಡ್ಳು! ಬೌಕ್ಯೆ ಒಪ್ಕೊಂಡ್ಳು. ವಕೀಲರು ಬರೋವರೆಗೂ ಕಾಯಿ ಅಂದ್ರೂ ಕೇಳ್ಲಿಲ್ಲ. ನಾನೇ ಹೊಡೆದೆ, ಮುಗೀತು, ಇನ್ನು ಎಳೀಬೇಡಿ ಅಂದ್ಳು."

ಎಳೀಬೇಡಿ. ಬೆಳಿಗ್ಗೆ ಕುರ್ಚಿ ತಳ್ಳಿ ಎದ್ದವಳ ಮುಖ ಹೆಲ್ಲಿಂಗಾಳ ಕಣ್ಣ ಮುಂದೆ ಬಂತು. ಅದು ಕೊಬ್ಬಲ್ಲ. ಇನ್ನೂ ಸೋಲದ ಆಟದಿಂದ ಎದ್ದು ಹೋಗುವ ಹಳೇ ಚಾಳಿ. ಅಥವಾ ಈ ಸಲ ನಿಜವಾಗಿಯೂ ಸೋತಿದ್ದಳೋ? ಯಂತ್ರಕ್ಕೆ ಹಾಕಿ ನೋಡುವ ಹಾಗಿದ್ದರೆ ಎಷ್ಟು ಚೆನ್ನಾಗಿತ್ತು.

"ಸಹಿ ಹಾಕಿಸ್ಬೇಡ ಸಿಪ್ಕೆ. ಅವಳ ಕೈಯಿಂದ ಪೆನ್ನು ಕಿತ್ಕೋ, ಈಗಲೇ!"

"ಹಾಕಾಯ್ತು ಮೇಡಂ." ಸಿಪ್ಕೆಯ ದನಿ ಇಳಿಯಿತು. "ಸುಳ್ಳಲ್ಲ ಅದು. ಗಡಿಯಾರದಿಂದ ಹೊಡೆದೆ ಅಂದ್ಳು. ಗಡಿಯಾರದಿಂದಲೇ ಹೊಡೆದದ್ದು ಅಂತ ನಾವು ಯಾರಿಗೂ ಹೇಳಿಲ್ವಲ್ಲ? ಎಲ್ಲಿದೆ ಅಂತಾನೂ ಹೇಳಿದ್ಳು. ಹಡಗಿನ ಕ್ಯಾಂಟೀನು, ಕೆಳಗಿನ ಬೀರು, ಸೂಪಿನ ದೊಡ್ಡ ಪಾತ್ರೆ ಹಿಂದೆ. ಹಡಗು ಈಗ ತಾನೇ ಬಂದು ಕಟ್ಟಿತು, ನಾನು ಇಲ್ಲಿಂದಲೇ ಮಾತಾಡ್ತಿರೋದು. ಸಿಕ್ತು ಮೇಡಂ! ಮೂಲೇಲಿ ರಕ್ತ ಕೂಡ ಇದೆ. ಕೇಸು ಮುಗೀತು."

ಹೆಲ್ಲಿಂಗಾ ಕಣ್ಣು ಮುಚ್ಚಿಕೊಂಡಳು. ಲಾಂಬ್ರೆಖ್ತ್ ಬಿಸ್ಕತ್ತಿನ ಡಬ್ಬಿಯನ್ನು ಕಪಾಟಿಗಿಡಲು ಹೊರಟಿದ್ದ. ಡೌವೆ ಒದ್ದೆ ಪ್ಯಾಂಟಿನಲ್ಲಿ ಅಲುಗಾಡದೆ ಕುಳಿತಿದ್ದ.

ಫೋನಿನಲ್ಲಿ ಸಿಪ್ಕೆಯ ಉಸಿರಿನ ಹಿಂದೆ ಇನ್ನೊಂದು ಸದ್ದಿತ್ತು. ಸಣ್ಣದು, ಬಿಡದೆ ಬರುತ್ತಿತ್ತು.

"ಸಿಪ್ಕೆ, ಅದೇನು ಸದ್ದು?"

"ಯಾವುದು? ಓ, ಇದಾ? ಗಡಿಯಾರ ಮೇಡಂ, ಕೈಯಲ್ಲೇ ಇದೆ. ಓಡ್ತಾ ಇದೆ."

ಹೆಲ್ಲಿಂಗಾ ಕಣ್ಣು ತೆರೆದಳು. ಡೌವೆಯ ಕಣ್ಣು ಆಗಲೇ ಅವಳ ಮೇಲಿತ್ತು. ಅವನ ಹೆಬ್ಬೆಟ್ಟು ಗಾಳಿಯಲ್ಲಿ ಇಲ್ಲದ ಕೀಲಿಯೊಂದನ್ನು ತಿರುಗಿಸಿ ನಿಂತಿತು.

"ಮೂರು ದಿನದಿಂದ ಅವಳು ನಮ್ಮ ಲಾಕಪ್ಪಿನಲ್ಲಿದ್ದಾಳೆ ಮೇಡಂ," ಅಂದ ಡೌವೆ. "ನಿನ್ನೆ ಕೀ ಕೊಟ್ಟವರು ಯಾರು?"